ಫಾರ್ಮ್ ಕೇಳುವ ‘ಮನೆಯವರು’ ಯಾರು? ಪರದೇಶಕ್ಕೆ ಕುಟುಂಬವನ್ನು ಕರೆಸಿಕೊಳ್ಳುವುದು ಹೇಗೆ ನಡೆಯುತ್ತದೆ

ಪರದೇಶದಲ್ಲಿ ನೆಲೆಸಿರುವ ಸ್ನೇಹಿತರೊಬ್ಬರು ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ಅರ್ಜಿ ತುಂಬುತ್ತಿದ್ದಾಗ ನಾನು ಪಕ್ಕದಲ್ಲೇ ಕೂತಿದ್ದೆ. ಕುಟುಂಬದ ಸದಸ್ಯರು ಅನ್ನುವ ಜಾಗದಲ್ಲಿ ಅವರು ಬರೆಯುತ್ತಾ ಹೋದರು. ಹೆಂಡತಿ, ಮಗಳು, ಅಪ್ಪ, ಅಮ್ಮ, ಗಂಡನನ್ನು ಕಳೆದುಕೊಂಡ ಅಕ್ಕ, ಅಕ್ಕನ ಮಗ. ಆರು ಹೆಸರಾಯಿತು. ಆಮೇಲೆ ಕೆಳಗಿದ್ದ ಸಣ್ಣ ಅಕ್ಷರದ ಸೂಚನೆ ಓದಿದರು. ಇಲ್ಲಿ ಕುಟುಂಬ ಅಂದರೆ ಸಂಗಾತಿ ಮತ್ತು ಮದುವೆಯಾಗದ ಚಿಕ್ಕ ಮಕ್ಕಳು ಮಾತ್ರ ಅಂತ ಅಲ್ಲಿತ್ತು. ನಾಲ್ಕು ಹೆಸರುಗಳನ್ನು ಹೊಡೆದುಹಾಕಬೇಕಾಯಿತು. ಅಕ್ಕನ ಮಗನ ಹೆಸರಿಗೆ ಬಂದಾಗ ಅವರ ಪೆನ್ನು ಸ್ವಲ್ಪ ಹೊತ್ತು ನಿಂತೇಬಿಟ್ಟಿತು. ಆ ಹುಡುಗನನ್ನು ಐದು ವರ್ಷದಿಂದ ಓದಿಸುತ್ತಿರುವುದು ಇವರೇ.

ನಾವು ಮನೆಯವರು ಅನ್ನುವುದಕ್ಕೂ ಕಾನೂನು ಕುಟುಂಬ ಅನ್ನುವುದಕ್ಕೂ ಇರುವ ಈ ಅಂತರ ಅರ್ಥವಾದರೆ ಉಳಿದ ಗೊಂದಲಗಳಲ್ಲಿ ಅರ್ಧಕ್ಕರ್ಧ ತಾನಾಗಿಯೇ ಕರಗುತ್ತದೆ.

ಇದನ್ನು ಈಗ ಬರೆಯಲು ಕಾರಣವೂ ಇದೆ. ಕಳೆದ ಎರಡು ಮೂರು ವರ್ಷಗಳಲ್ಲಿ ಈ ನಿಯಮಗಳು ತುಂಬ ಬದಲಾಗಿವೆ. ಬ್ರಿಟನ್ 2024ರ ಏಪ್ರಿಲ್‌ನಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು ಬೇಕಾದ ಆದಾಯವನ್ನು ಒಂದೇ ಸಲಕ್ಕೆ ವರ್ಷಕ್ಕೆ 18,600 ಪೌಂಡ್‌ನಿಂದ 29,000 ಪೌಂಡ್‌ಗೆ ಏರಿಸಿತು. ಕೆನಡಾ 2025ರಲ್ಲಿ ಅಪ್ಪ ಅಮ್ಮಂದಿರನ್ನು ಕರೆಸಿಕೊಳ್ಳುವ ಯೋಜನೆಗೆ ಹೊಸ ಹೆಸರುಗಳನ್ನು ತೆಗೆದುಕೊಳ್ಳಲಿಲ್ಲ. ನಿರಾಶ್ರಿತರಿಗಿಂತ ಸ್ವಲ್ಪ ಕಡಿಮೆ ಮಟ್ಟದ ರಕ್ಷಣೆ ಪಡೆದವರು ಕುಟುಂಬ ಕರೆಸಿಕೊಳ್ಳುವುದನ್ನು ಜರ್ಮನಿ 2025ರ ಜುಲೈನಿಂದ ಎರಡು ವರ್ಷ ತಡೆಹಿಡಿದಿದೆ. ಹೋದ ವರ್ಷ ಸಂಬಂಧಿಕರು ಹೇಳಿದ ಮಾತು ಈ ವರ್ಷ ನಿಮಗೆ ಅನ್ವಯಿಸದೇ ಇರಬಹುದು. ಆದರೆ ಒಳಗಿನ ತರ್ಕ ಅಷ್ಟು ಬೇಗ ಬದಲಾಗುವುದಿಲ್ಲ. ಅದು ಗೊತ್ತಿದ್ದರೆ ಹೊಸ ನಿಯಮ ಬಂದಾಗಲೂ ಓದಿ ಅರ್ಥ ಮಾಡಿಕೊಳ್ಳಬಹುದು.

ಬಂದು ನೋಡಿ ಹೋಗುವುದು ಬೇರೆ, ಬಂದು ಇರುವುದು ಬೇರೆ

ಮೊದಲು ಇದೊಂದು ಸ್ಪಷ್ಟವಾಗಲಿ. ಅಮ್ಮ ಮೂರು ತಿಂಗಳು ಬಂದು ಮೊಮ್ಮಗುವನ್ನು ನೋಡಿಕೊಂಡು ಹೋಗುವುದು ವಿಸಿಟರ್ ವೀಸಾ. ಅದರಲ್ಲಿ ಅಧಿಕಾರಿ ನೋಡುವುದು ಇವರು ವಾಪಸ್ ಹೋಗುತ್ತಾರಾ ಅನ್ನುವುದನ್ನು. ಕುಟುಂಬದ ವೀಸಾದಲ್ಲಿ ಪ್ರಶ್ನೆ ಪೂರ್ತಿ ತಿರುಗುತ್ತದೆ. ಇವರು ಇಲ್ಲೇ ಇರಲು ಬರುತ್ತಿದ್ದಾರೆ, ಇದಕ್ಕೆ ಅರ್ಹರಾ, ಇವರ ಖರ್ಚು ಯಾರದು?

ಎರಡನ್ನೂ ಬೆರೆಸಿದರೆ ಕಷ್ಟ ಶುರು. ವಿಸಿಟರ್ ವೀಸಾದಲ್ಲಿ ಬಂದು ಆಮೇಲೆ ಇಲ್ಲೇ ಉಳಿಸಿಕೊಳ್ಳೋಣ ಅಂತ ಮೊದಲೇ ಯೋಚಿಸಿದ್ದರೆ, ಅಧಿಕಾರಿಗೆ ಹೇಳಿದ್ದು ಒಂದು, ಮಾಡಿದ್ದು ಇನ್ನೊಂದು ಎಂದಾಗುತ್ತದೆ. ಸುಳ್ಳು ಮಾಹಿತಿ ಕೊಟ್ಟವರು ಅನ್ನುವ ದಾಖಲೆ ಬಿದ್ದರೆ ಮುಂದಿನ ಪ್ರತಿ ಅರ್ಜಿಯಲ್ಲೂ ಅದು ಎದುರಾಗುತ್ತದೆ.

ಇವೆರಡರ ನಡುವೆ ಒಂದು ದಾರಿಯೂ ಇದೆ. ಕೆನಡಾದ ಸೂಪರ್ ವೀಸಾದಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿ ಒಂದು ಸಲ ಬಂದರೆ ಐದು ವರ್ಷದವರೆಗೆ ಇರಬಹುದು. ಕಡೇಪಕ್ಷ 1 ಲಕ್ಷ ಕೆನಡಿಯನ್ ಡಾಲರ್‌ನ ಆರೋಗ್ಯ ವಿಮೆ ಬೇಕು. ಎಷ್ಟೇ ದಿನ ಇದ್ದರೂ ಅವರು ಅತಿಥಿಗಳೇ. ಈ ವೀಸಾದಿಂದಲೇ ಅವರಿಗೆ ಅಲ್ಲಿ ಶಾಶ್ವತ ನೆಲೆಯ ಹಕ್ಕು ಹುಟ್ಟುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ಕುಟುಂಬ ಅಂದರೆ ಯಾರು?

ಕೊಳಕ್ಕೆ ಕಲ್ಲು ಎಸೆದರೆ ಅಲೆ ಬಳೆ ಬಳೆಯಾಗಿ ಹರಡುತ್ತದಲ್ವಾ? ಹಾಗೆ ನೋಡಿ. ನಡುವಿನ ಬಳೆಯಲ್ಲಿ ಗಂಡ ಹೆಂಡತಿ ಮತ್ತು ಅವರ ಚಿಕ್ಕ ಮಕ್ಕಳು. ಹೆಚ್ಚುಕಡಿಮೆ ಎಲ್ಲ ದೇಶಗಳೂ ಈ ಬಳೆಯನ್ನು ಒಪ್ಪುತ್ತವೆ. ಎರಡನೆಯದು ಅಪ್ಪ ಅಮ್ಮ, ದೊಡ್ಡವರಾದ ಮಕ್ಕಳು. ಇಲ್ಲಿ ದೇಶದಿಂದ ದೇಶಕ್ಕೆ ಭಾರಿ ವ್ಯತ್ಯಾಸ. ಮೂರನೆಯದು ಅಣ್ಣ ತಮ್ಮ, ಅಕ್ಕ ತಂಗಿ. ಇದಕ್ಕೆ ಬಾಗಿಲು ತೆರೆದಿರುವ ದೇಶಗಳು ತೀರಾ ಕಡಿಮೆ. ಅದರಾಚೆಗಿನ ಅತ್ತೆ, ಮಾವ, ಚಿಕ್ಕಪ್ಪ, ಅಕ್ಕನ ಮಕ್ಕಳು ಬಹುತೇಕ ಎಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಐರೋಪ್ಯ ಒಕ್ಕೂಟ 2003ರಲ್ಲಿ ಇದಕ್ಕೆಂದೇ ಒಂದು ಕಾನೂನು ಮಾಡಿತು. ಒಕ್ಕೂಟದ ಹೊರಗಿನಿಂದ ಬಂದು ಅಲ್ಲಿ ನೆಲೆಸಿದವರಿಗೆ, ನಿಗದಿತ ಷರತ್ತು ಪೂರೈಸಿದರೆ, ಸಂಗಾತಿ ಮತ್ತು ಮದುವೆಯಾಗದ ಅಪ್ರಾಪ್ತ ಮಕ್ಕಳನ್ನು ಕರೆಸಿಕೊಳ್ಳುವ ಹಕ್ಕನ್ನು ಅದು ಕೊಡುತ್ತದೆ. ಅಪ್ಪ ಅಮ್ಮಂದಿರ ವಿಷಯವನ್ನು ಆಯಾ ದೇಶದ ಇಷ್ಟಕ್ಕೆ ಬಿಟ್ಟಿದೆ. ಡೆನ್ಮಾರ್ಕ್ ಮತ್ತು ಐರ್ಲೆಂಡ್‌ಗೆ ಈ ಕಾನೂನು ಅನ್ವಯಿಸುವುದಿಲ್ಲ, ಅವುಗಳದ್ದು ಪ್ರತ್ಯೇಕ ನಿಯಮ.

ಅಪ್ಪ ಅಮ್ಮಂದಿರ ಬಗ್ಗೆ ಒಂದೊಂದು ದೇಶ ಒಂದೊಂದು ರೀತಿ ಯೋಚಿಸುತ್ತದೆ. ಆಸ್ಟ್ರೇಲಿಯಾ ಮಕ್ಕಳ ತಲೆ ಎಣಿಸುತ್ತದೆ. ನಿಮ್ಮ ಅಪ್ಪ ಅಮ್ಮನಿಗೆ ನಾಲ್ಕು ಮಕ್ಕಳಿದ್ದರೆ ಕಡೇಪಕ್ಷ ಇಬ್ಬರು ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು. ಇಲ್ಲದಿದ್ದರೆ ಬೇರೆ ಯಾವ ಒಂದು ದೇಶದಲ್ಲಿ ಇರುವುದಕ್ಕಿಂತಲೂ ಜಾಸ್ತಿ ಮಕ್ಕಳು ಅಲ್ಲಿರಬೇಕು. ಬ್ರಿಟನ್ ಆರೋಗ್ಯ ನೋಡುತ್ತದೆ. 2012ರಿಂದ ಅಲ್ಲಿ ಅಪ್ಪ ಅಮ್ಮನನ್ನು ಕರೆಸಬೇಕಾದರೆ, ವಯಸ್ಸು ಅಥವಾ ಕಾಯಿಲೆಯಿಂದ ಅವರಿಗೆ ಸ್ನಾನ, ಊಟದಂಥ ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರು ಬೇಕು, ಆ ಆರೈಕೆ ಅವರಿರುವ ದೇಶದಲ್ಲಿ ಸಿಗುವುದಿಲ್ಲ ಅಥವಾ ಅದರ ಖರ್ಚು ಭರಿಸಲು ಆಗುವುದಿಲ್ಲ ಅಂತ ತೋರಿಸಬೇಕು. ಗಟ್ಟಿಮುಟ್ಟಾಗಿದ್ದು ಒಂಟಿಯಾಗಿರುವ ತಾಯಿಗೆ ಈ ದಾರಿಯಲ್ಲಿ ಜಾಗವಿಲ್ಲ. ಇದನ್ನು ಓದುವಾಗೆಲ್ಲ ನನಗೆ ಮನಸ್ಸು ಭಾರವಾಗುತ್ತದೆ, ಆದರೆ ನಿಯಮ ಇರುವುದು ಹಾಗೆಯೇ. ಜರ್ಮನಿ ಸ್ವಲ್ಪ ಬೇರೆ ದಿಕ್ಕಿನಲ್ಲಿ ಹೋಯಿತು. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಬಾರಿ ಪರ್ಮಿಟ್ ಪಡೆದ ನುರಿತ ಕೆಲಸಗಾರರು ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಬಹುದು ಎಂದಿತು. ಅಮೆರಿಕದಲ್ಲಿ 21 ವರ್ಷ ತುಂಬಿದ ಪ್ರಜೆ ಅಪ್ಪ ಅಮ್ಮನಿಗೆ ಅರ್ಜಿ ಹಾಕಬಹುದು, ಗ್ರೀನ್ ಕಾರ್ಡ್ ಮಾತ್ರ ಇದ್ದವರು ಹಾಕುವಂತಿಲ್ಲ.

ಮಗು ಅನ್ನುವ ಪದಕ್ಕೂ ಅಳತೆ ಉಂಟು. ಹೆಚ್ಚಿನ ಕಡೆ 18 ವರ್ಷ. ಅಮೆರಿಕದಲ್ಲಿ 21ರ ಒಳಗೆ, ಕೆನಡಾದಲ್ಲಿ 2017ರಿಂದ 22ರ ಒಳಗೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಮದುವೆಯಾಗದ ಗಂಡುಮಕ್ಕಳಿಗೆ 25ರವರೆಗೆ, ಹೆಣ್ಣುಮಕ್ಕಳಿಗೆ ಮದುವೆಯಾಗದಿದ್ದರೆ ವಯಸ್ಸಿನ ಮಿತಿಯೇ ಇಲ್ಲ. ದತ್ತು ಮಗುವಿಗೆ ಕಾನೂನು ಪ್ರಕಾರ ಆದ ದತ್ತು ಪತ್ರ ಬೇಕು. ಹುಟ್ಟಿದಾಗಿನಿಂದ ನಾವೇ ಸಾಕಿದ್ದು ಅನ್ನುವ ಮಾತು ಎಷ್ಟು ನಿಜವಾಗಿದ್ದರೂ ಫೈಲಿನಲ್ಲಿ ನಿಲ್ಲುವುದಿಲ್ಲ. ನನ್ನ ಸ್ನೇಹಿತರಿಗೆ ಅಕ್ಕನ ಮಗನ ವಿಷಯದಲ್ಲಿ ಅಡ್ಡ ಬಂದಿದ್ದು ಇದೇ.

ಕರೆಸುವವರ ಸ್ವಂತ ಕಾಗದ ಎಷ್ಟು ಗಟ್ಟಿ?

ಕರೆಸಿಕೊಳ್ಳುವವರನ್ನು ಸ್ಪಾನ್ಸರ್ ಅನ್ನುತ್ತಾರೆ. ಸ್ಪಾನ್ಸರ್ ಕೈಯಲ್ಲಿರುವ ವೀಸಾ ಏಣಿಯ ಮೆಟ್ಟಿಲಿದ್ದ ಹಾಗೆ. ಪೌರತ್ವ ಮೇಲಿನ ಮೆಟ್ಟಿಲು. ಅದರ ಕೆಳಗೆ ಗ್ರೀನ್ ಕಾರ್ಡ್, ಪಿಆರ್‌ನಂಥ ಶಾಶ್ವತ ವಾಸದ ಅನುಮತಿ. ಅದರ ಕೆಳಗೆ ಕೆಲಸದ ವೀಸಾ, ಕೊನೆಗೆ ಓದಲು ಬಂದವರ ವೀಸಾ. ಮೇಲಿನ ಮೆಟ್ಟಿಲಲ್ಲಿ ನಿಂತಷ್ಟೂ ಕೈ ದೂರಕ್ಕೆ ಚಾಚುತ್ತದೆ.

ಕೆಲಸದ ವೀಸಾದಲ್ಲಿ ಇರುವವರು ಕರೆಸುವ ಹೆಂಡತಿ, ಮಕ್ಕಳನ್ನು ಡಿಪೆಂಡೆಂಟ್ ಅನ್ನುತ್ತಾರೆ. ಅವರ ವೀಸಾ ನಿಮ್ಮ ವೀಸಾದ ಬಾಲಂಗೋಚಿ. ನಿಮ್ಮದು ಮುಗಿದರೆ ಅವರದ್ದೂ ಮುಗಿಯಿತು. ಓದುವವರಿಗೆ ಇನ್ನೂ ಬಿಗಿ. ಬ್ರಿಟನ್‌ನಲ್ಲಿ 2024ರ ಜನವರಿಯಿಂದ ಶುರುವಾದ ಕೋರ್ಸ್‌ಗಳಲ್ಲಿ, ಪಿಎಚ್‌ಡಿಯಂಥ ಸಂಶೋಧನೆ ಮಾಡುವವರನ್ನು ಬಿಟ್ಟರೆ ಹೆಚ್ಚಿನ ವಿದ್ಯಾರ್ಥಿಗಳು ಕುಟುಂಬ ಕರೆತರುವಂತಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ, ವಯಸ್ಸಾದವರ ಆರೈಕೆ ಕೆಲಸಕ್ಕೆ ಹೊಸದಾಗಿ ಹೋಗುವವರಿಗೂ ಆ ಅವಕಾಶ ತಪ್ಪಿತು. ಬೇರೆಯವರ ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಹೋದವರು ತಮ್ಮ ಮಕ್ಕಳನ್ನು ಬಿಟ್ಟು ಹೋಗಬೇಕಾಯಿತು. ಕೆಲಸ ಒಪ್ಪಿಕೊಳ್ಳುವ ಮೊದಲೇ ಕುಟುಂಬದ ನಿಯಮ ಓದಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಖರ್ಚು ಯಾರದು ಅನ್ನುವ ಪ್ರಶ್ನೆ

ಬಂದವರು ಸರ್ಕಾರದ ನೆರವಿನ ಮೇಲೆ ಬದುಕಬಾರದು. ದುಡ್ಡಿನ ನಿಯಮಗಳೆಲ್ಲ ಈ ಒಂದು ಯೋಚನೆಯಿಂದ ಹುಟ್ಟಿದವು. ಅದಕ್ಕೇ ಆದಾಯ, ಮನೆ, ವಿಮೆ ಈ ಮೂರನ್ನೂ ಕೇಳುವುದು.

ಅಳೆಯುವ ಕೋಲು ಮಾತ್ರ ಬೇರೆ ಬೇರೆ. ಎಮಿರೇಟ್ಸ್‌ನಲ್ಲಿ ತಿಂಗಳ ಸಂಬಳ 4,000 ದಿರ್ಹಮ್ ಅಥವಾ 3,000 ದಿರ್ಹಮ್ ಜೊತೆಗೆ ಮನೆ. ಬ್ರಿಟನ್‌ನಲ್ಲಿ ಮೇಲೆ ಹೇಳಿದ 29,000 ಪೌಂಡ್. ಆದಾಯ ಏನೂ ಇಲ್ಲದಿದ್ದರೆ ಅದರ ಬದಲು 88,500 ಪೌಂಡ್ ಉಳಿತಾಯ ತೋರಿಸಬೇಕು. ಅಮೆರಿಕ ತನ್ನ ಬಡತನದ ರೇಖೆಯನ್ನು ಅಳತೆಗೋಲು ಮಾಡಿಕೊಂಡಿದೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ಜನರ ಬಡತನದ ರೇಖೆಯ ಶೇ 125ರಷ್ಟು ಆದಾಯ ಬೇಕು. ಅಷ್ಟು ಇಲ್ಲದಿದ್ದರೆ ಇನ್ನೊಬ್ಬರು ಜೊತೆ ಜಾಮೀನು ನಿಲ್ಲಬಹುದು.

ಜಾಮೀನು ಅನ್ನುವ ಪದವನ್ನು ಬೇಕಂತಲೇ ಬಳಸಿದೆ. ಅಲ್ಲಿ ನೀವು ಸಹಿ ಹಾಕುವ ಕಾಗದ, ಅಂದರೆ ಐ-864 ಅನ್ನುವ ಫಾರ್ಮ್, ಸುಮ್ನೆ ಒಂದು ಫಾರ್ಮಾಲಿಟಿ ಅಲ್ಲ. ಸಾಲಕ್ಕೆ ಜಾಮೀನು ಹಾಕಿದ ಹಾಗೇ ಅದು ನಿಮ್ಮನ್ನು ಕಟ್ಟಿಹಾಕುತ್ತದೆ. ಬಂದವರು ಅಮೆರಿಕದ ಪ್ರಜೆಯಾಗುವವರೆಗೆ, ಅಥವಾ ಅವರ ಲೆಕ್ಕಕ್ಕೆ ಸುಮಾರು ಹತ್ತು ವರ್ಷದ ದುಡಿಮೆ ಸೇರುವವರೆಗೆ ಆ ಹೊಣೆ ಮುಂದುವರಿಯುತ್ತದೆ. ಅವರು ಅಮೆರಿಕವನ್ನೇ ಬಿಟ್ಟು ಹೋದರೆ ಅಥವಾ ತೀರಿಕೊಂಡರೂ ಮುಗಿಯುತ್ತದೆ. ಡೈವೋರ್ಸ್ ಆದರೆ ಮುಗಿಯುವುದಿಲ್ಲ. ಕೆನಡಾದಲ್ಲೂ ಹಾಗೇ. ಸಂಗಾತಿಗೆ ಮೂರು ವರ್ಷ, ಅಪ್ಪ ಅಮ್ಮನಿಗೆ ಕ್ವಿಬೆಕ್ ಪ್ರಾಂತ್ಯ ಬಿಟ್ಟು ಉಳಿದೆಡೆ 20 ವರ್ಷ. ಆ ಅವಧಿಯಲ್ಲಿ ಅವರು ಸರ್ಕಾರದ ನೆರವು ಪಡೆದರೆ ಆ ದುಡ್ಡನ್ನು ನಿಮ್ಮಿಂದ ಕೇಳಬಹುದು. ಸಂಬಂಧಿಕರು, ಸ್ನೇಹಿತರು ಒಂದು ಸಹಿ ಹಾಕಿಕೊಡಿ ಅಂತ ಕೇಳಿದಾಗ ಈ ಪ್ಯಾರಾ ನೆನಪಿರಲಿ.

ಸಂಬಂಧ ನಿಜ ಅಂತ ತೋರಿಸುವುದು

ಅಧಿಕಾರಿಯ ಮೇಜಿನ ಮೇಲೆ ನಿಮ್ಮ ಫೈಲು ಬಿಟ್ಟರೆ ಬೇರೇನೂ ಇಲ್ಲ. ನಿಮ್ಮ ಮನೆಯ ನಗು, ಜಗಳ, ರಾತ್ರಿ ಫೋನು ಯಾವುದೂ ಅವರಿಗೆ ಕಾಣುವುದಿಲ್ಲ. ಹಾಗಾಗಿ ಕಾಗದವೇ ಮಾತಾಡಬೇಕು. ಮಕ್ಕಳಿಗೆ ಜನನ ಪ್ರಮಾಣ ಪತ್ರ, ಸಂಗಾತಿಗೆ ಮದುವೆ ನೋಂದಣಿ ಪತ್ರ, ಹಿಂದೆ ಮದುವೆಯಾಗಿದ್ದರೆ ಅದು ಮುಗಿದಿದೆ ಅನ್ನುವುದಕ್ಕೆ ಡೈವೋರ್ಸ್ ಆದೇಶ ಅಥವಾ ಮರಣ ಪತ್ರ.

ಅರ್ಜಿಗಳು ಹೆಚ್ಚಾಗಿ ಎಡವುವುದು ಒಂದು ಸಣ್ಣ ಜಾಗದಲ್ಲಿ. ಹೆಸರು. ಜನನ ಪತ್ರದಲ್ಲಿ ಅಮ್ಮನ ಹೆಸರಿನ ಮುಂದೆ ಒಂದು ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಹಿಂದಕ್ಕೆ ಹೋಗಿ ಸರ್‌ನೇಮ್ ಆಗಿದೆ. ಮದುವೆ ಪತ್ರದಲ್ಲಿ ಹಿಂದಿನ ಹೆಸರು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಗಂಡನ ಹೆಸರು ಸೇರಿದ ಹೆಸರು. ಮನೆಯವರಿಗೆ ಇದೆಲ್ಲ ಒಬ್ಬರೇ. ಅಧಿಕಾರಿಗೆ ನಾಲ್ವರು ಬೇರೆ ಬೇರೆ ಹೆಂಗಸರು. ಇದಕ್ಕೆ ಮದ್ದು ಇದೆ. ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಹೆಸರಿನ ಒಂದೊಂದು ಅಕ್ಷರ, ಹುಟ್ಟಿದ ದಿನ, ಊರು ಹೊಂದುತ್ತವಾ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೊಂದದ್ದನ್ನು ತಿದ್ದಿಸಿ. ತಿದ್ದಿಸಲು ಆಗದಿದ್ದರೆ ಈ ಎಲ್ಲ ಹೆಸರೂ ಒಬ್ಬರದ್ದೇ ಅನ್ನುವ ಅಫಿಡವಿಟ್ ಮಾಡಿಸಿ. ಅರ್ಜಿ ಹಾಕುವ ಆರು ತಿಂಗಳ ಮೊದಲೇ ಶುರುಮಾಡಿದರೆ ಒಳ್ಳೆಯದು.

ಆಮೇಲೆ ಅಪಾಸ್ಟಿಲ್ ಅನ್ನುವ ಪದ ಎದುರಾಗುತ್ತದೆ. ಒಂದು ದೇಶದ ಸರ್ಕಾರಿ ಪತ್ರವನ್ನು ಇನ್ನೊಂದು ದೇಶ ನಂಬಬೇಕಾದರೆ ಆ ಸಹಿ, ಮುದ್ರೆ ಅಸಲಿ ಅಂತ ಯಾರಾದರೂ ಹೇಳಬೇಕಲ್ಲ? 1961ರ ಹೇಗ್ ಒಪ್ಪಂದದಲ್ಲಿ ಅದಕ್ಕೆ ಒಂದೇ ಮಾದರಿಯ ಮುದ್ರೆ ಗೊತ್ತುಮಾಡಿದರು, ಅದೇ ಅಪಾಸ್ಟಿಲ್. ಅದಕ್ಕೆ ಮೊದಲು ಒಂದು ಕಾಗದ ಕಚೇರಿಯಿಂದ ಕಚೇರಿಗೆ, ಆಮೇಲೆ ರಾಯಭಾರ ಕಚೇರಿಗೆ ಅಲೆಯಬೇಕಿತ್ತು. ಚೀನಾ 2023ರಲ್ಲಿ, ಕೆನಡಾ 2024ರಲ್ಲಿ ಈ ವ್ಯವಸ್ಥೆಗೆ ಸೇರಿದವು. ಒಂದು ಮಾತು: ಮುದ್ರೆ ಅಸಲಿ ಅಂತಷ್ಟೇ ಅಪಾಸ್ಟಿಲ್ ಹೇಳುತ್ತದೆ. ಒಳಗೆ ಬರೆದಿರುವುದು ಸರಿ ಅಂತ ಹೇಳುವುದಿಲ್ಲ.

ಕಾಗದವೇ ಇಲ್ಲದವರೂ ಇದ್ದಾರೆ. ಯುದ್ಧ ಬಿಟ್ಟು ಓಡಿಬಂದವರ ಕೈಯಲ್ಲಿ ಜನನ ಪತ್ರ ಎಲ್ಲಿಂದ ಬರಬೇಕು? ಅಂಥ ಕಡೆ ಡಿಎನ್‌ಎ ಪರೀಕ್ಷೆಯಿಂದ ತಾಯಿ ಮಗುವಿನ ಸಂಬಂಧ ತೋರಿಸಬಹುದು. ಗಂಡ ಹೆಂಡತಿಗೆ ಆ ದಾರಿ ಇಲ್ಲ. ಅವರಿಗೆ ಒಟ್ಟಿಗೆ ಇದ್ದ ಫೋಟೊಗಳು, ಒಬ್ಬರಿಗೊಬ್ಬರು ಕಳಿಸಿದ ದುಡ್ಡಿನ ರಸೀದಿ, ಫೋನ್ ದಾಖಲೆ, ಟಿಕೆಟ್‌ಗಳೇ ಸಾಕ್ಷಿ. ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅದೇ ಪ್ರಶ್ನೆ ಕೇಳುವುದೂ ಉಂಟು. ಬರೀ ವೀಸಾಕ್ಕಾಗಿ ಮಾಡಿಕೊಂಡ ಮದುವೆಯನ್ನು ಹಿಡಿಯಲು ಈ ಏರ್ಪಾಡು. ಆದರೆ ನಿಜವಾದ ಜೋಡಿಗಳೂ ಅದೇ ಜರಡಿಯಲ್ಲಿ ಹಾಯಬೇಕು.

ಸಾಲು, ದಿನಾಂಕ ಮತ್ತು ಬೆಳೆಯುವ ಮಕ್ಕಳು

ಅರ್ಹತೆ ಇದೆ, ದುಡ್ಡಿದೆ, ಕಾಗದವೂ ಸರಿ ಇದೆ. ಆದರೂ ಕಾಯಬೇಕು. ಯಾಕೆ ಅನ್ನುವುದಕ್ಕೆ ಅಮೆರಿಕದ ವ್ಯವಸ್ಥೆಯೇ ಒಳ್ಳೆಯ ಉದಾಹರಣೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಲ್ಲಿ ಎರಡು ಬಾಗಿಲಿವೆ. ಪ್ರಜೆಗಳ ಸಂಗಾತಿ, 21ರ ಒಳಗಿನ ಮದುವೆಯಾಗದ ಮಕ್ಕಳು, ಅಪ್ಪ ಅಮ್ಮ ಇವರಿಗೆ ಸಂಖ್ಯೆಯ ಮಿತಿ ಇಲ್ಲ. ಅರ್ಜಿ ನೋಡಿ ಮುಗಿಸಲು ಎಷ್ಟು ಹೊತ್ತೋ ಅಷ್ಟೇ. ಉಳಿದ ಎಲ್ಲರೂ, ಅಂದರೆ ಗ್ರೀನ್ ಕಾರ್ಡ್ ಇದ್ದವರ ಸಂಗಾತಿ ಮತ್ತು ಮದುವೆಯಾಗದ ಮಕ್ಕಳು, ಪ್ರಜೆಗಳ ದೊಡ್ಡ ಮಕ್ಕಳು, ಅಣ್ಣ ತಮ್ಮ ಅಕ್ಕ ತಂಗಿಯರು, ಎರಡನೇ ಬಾಗಿಲಲ್ಲಿ ನಿಲ್ಲಬೇಕು. ಅಲ್ಲಿ ವರ್ಷಕ್ಕೆ ಸುಮಾರು 2,26,000 ವೀಸಾ. ಅದರಲ್ಲಿ ಒಡಹುಟ್ಟಿದವರ ಪಾಲು ಸುಮಾರು 65,000. ಅವರ ಗಂಡ, ಹೆಂಡತಿ, ಮಕ್ಕಳೂ ಇದರಲ್ಲೇ ಎಣಿಕೆ. ಇದರ ಮೇಲೆ ಇನ್ನೊಂದು ಮಿತಿ. ಯಾವ ದೇಶದಲ್ಲಿ ಹುಟ್ಟಿದವರಿಗೂ ವರ್ಷದ ವೀಸಾಗಳಲ್ಲಿ ಸುಮಾರು ಶೇ 7ಕ್ಕಿಂತ ಜಾಸ್ತಿ ಸಿಗುವಂತಿಲ್ಲ. ದೇಶ ಚಿಕ್ಕದಿರಲಿ, ದೊಡ್ಡದಿರಲಿ, ಮಿತಿ ಒಂದೇ. ಹಾಗಾಗಿ ಹೆಚ್ಚು ಜನ ಅರ್ಜಿ ಹಾಕುವ ದೇಶದವರ ಸಾಲು ಉದ್ದವಾಗುತ್ತಾ ಹೋಗುತ್ತದೆ. 2025ರಲ್ಲಿ ಮೆಕ್ಸಿಕೊದಲ್ಲಿ ಹುಟ್ಟಿದ ಒಡಹುಟ್ಟಿದವರ ಸಾಲಿನಲ್ಲಿ ಕರೆ ಬರುತ್ತಿದ್ದುದು 2001ರಲ್ಲಿ ಅರ್ಜಿ ಹಾಕಿದವರಿಗೆ.

ಈ ಸಾಲಿನಲ್ಲಿ ನಿಮ್ಮ ಜಾಗ ಗೊತ್ತಾಗುವುದು ಪ್ರಯಾರಿಟಿ ಡೇಟ್‌ನಿಂದ. ನಿಮ್ಮ ಅರ್ಜಿ ಸರ್ಕಾರದ ಕೈ ಸೇರಿದ ದಿನ ಅದು. ಆಸ್ಪತ್ರೆಯಲ್ಲಿ ಕೊಡುವ ಟೋಕನ್ ಅಂದುಕೊಳ್ಳಿ. ಪ್ರತಿ ತಿಂಗಳು ವೀಸಾ ಬುಲೆಟಿನ್ ಅನ್ನುವ ಪಟ್ಟಿ ಬರುತ್ತದೆ. ಅದರಲ್ಲಿ ಅಡ್ಡಸಾಲಿನಲ್ಲಿ ಸಂಬಂಧದ ವರ್ಗ, ಉದ್ದಸಾಲಿನಲ್ಲಿ ಹುಟ್ಟಿದ ದೇಶ. ಎರಡೂ ಸೇರುವ ಚೌಕದಲ್ಲಿ ಒಂದು ದಿನಾಂಕ. ನಿಮ್ಮ ಟೋಕನ್ ಅದಕ್ಕಿಂತ ಹಿಂದಿನದಾದರೆ ನಿಮ್ಮ ಸರದಿ ಬಂದಿದೆ ಅಂತ ಅರ್ಥ. ಆ ದಿನಾಂಕ ಕೆಲವು ತಿಂಗಳು ಮುಂದೆ ಸರಿಯುತ್ತದೆ, ಕೆಲವು ತಿಂಗಳು ನಿಂತಲ್ಲೇ ನಿಲ್ಲುತ್ತದೆ, ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತದೆ. ಹಿಂದಕ್ಕೆ ಹೋದ ತಿಂಗಳು ಎಷ್ಟೋ ಮನೆಗಳಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ.

ಸಾಲು ನಿಧಾನ, ಮಕ್ಕಳು ಬೆಳೆಯುವುದು ಬೇಗ. 21 ತುಂಬಿದರೆ ಏನು ಗತಿ? ಇದಕ್ಕಾಗಿಯೇ 2002ರಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಅದರ ಲೆಕ್ಕ ಹೀಗಿದೆ. ಗ್ರೀನ್ ಕಾರ್ಡ್ ಇರುವ ತಾಯಿ ಮಗಳಿಗೆ ಅರ್ಜಿ ಹಾಕಿದರು. ಅರ್ಜಿ ಮಂಜೂರಾಗಲು 14 ತಿಂಗಳು ಹಿಡಿಯಿತು. ಸರದಿ ಬಂದಾಗ ಮಗಳಿಗೆ 21 ವರ್ಷ 9 ತಿಂಗಳು. ಆ 14 ತಿಂಗಳನ್ನು ಕಳೆದರೆ 20 ವರ್ಷ 7 ತಿಂಗಳು. ಕಾನೂನಿನ ಕಣ್ಣಿಗೆ ಅವಳಿನ್ನೂ ಮಗು. ಒಂದು ವರ್ಷದೊಳಗೆ ಮುಂದಿನ ಹೆಜ್ಜೆ ಇಟ್ಟರೆ ಸಾಕು. ಅದೇ ಅರ್ಜಿ ಆರೇ ತಿಂಗಳಲ್ಲಿ ಮಂಜೂರಾಗಿದ್ದರೆ? ಕಳೆದ ಮೇಲೂ 21 ವರ್ಷ 3 ತಿಂಗಳು. ಅವಳು ದೊಡ್ಡ ಮಕ್ಕಳ ಉದ್ದದ ಸಾಲಿಗೆ ಹೋಗುತ್ತಾಳೆ. ಬೇಗ ಮಂಜೂರಾದದ್ದೇ ಮುಳುವಾಗುವ ವಿಚಿತ್ರ ಲೆಕ್ಕ ಇದು. ಇನ್ನೊಂದು ಎಚ್ಚರ. ಕಾಯುತ್ತಿರುವಾಗ ಆ ಮಗಳು ಮದುವೆಯಾದರೆ ತಾಯಿಯ ಅರ್ಜಿ ಅಲ್ಲಿಗೇ ರದ್ದು. ಮದುವೆಯಾದ ಮಕ್ಕಳಿಗೆ ಅರ್ಜಿ ಹಾಕುವ ಹಕ್ಕು ಗ್ರೀನ್ ಕಾರ್ಡ್ ಇದ್ದವರಿಗಿಲ್ಲ. ಮನೆಯಲ್ಲಿ ಮದುವೆ ಮಾತು ಶುರುವಾಗುವ ಮೊದಲು ಇದು ಎಲ್ಲರಿಗೂ ಗೊತ್ತಿರಬೇಕು.

ಬೇರೆ ದೇಶಗಳಲ್ಲಿ ಗಡಿಯಾರ ಬೇರೆ ರೀತಿ ಓಡುತ್ತದೆ. ಐರೋಪ್ಯ ಒಕ್ಕೂಟದ ಕಾನೂನಿನಲ್ಲಿ ಅರ್ಜಿಗೆ ಸಾಮಾನ್ಯವಾಗಿ ಒಂಬತ್ತು ತಿಂಗಳೊಳಗೆ ಉತ್ತರ ಕೊಡಬೇಕು. ನಿರಾಶ್ರಿತರಿಗೆ ಅಲ್ಲಿ ಆದಾಯ, ಮನೆಯ ಷರತ್ತಿನಿಂದ ವಿನಾಯಿತಿ ಇದೆ. ಆದರೆ ಮಾನ್ಯತೆ ಸಿಕ್ಕ ಮೂರು ತಿಂಗಳೊಳಗೆ ಅರ್ಜಿ ಹಾಕದಿದ್ದರೆ ಆ ವಿನಾಯಿತಿಯನ್ನು ದೇಶಗಳು ತೆಗೆದುಬಿಡಬಹುದು. ಹೊಸ ದೇಶ, ಹೊಸ ಭಾಷೆ, ಮೂರು ತಿಂಗಳು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೋಗಿರುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಐದು ವರ್ಷದೊಳಗೆ ಕುಟುಂಬವನ್ನು ಕರೆಸಿಕೊಳ್ಳಬೇಕು, 12 ದಾಟಿದ ಮಕ್ಕಳಿದ್ದರೆ ಒಂದೇ ವರ್ಷ. ಮೊದಲು ನಾನು ನೆಲೆ ನಿಲ್ಲುತ್ತೇನೆ, ಆಮೇಲೆ ಕರೆಸುತ್ತೇನೆ ಅನ್ನುವ ಲೆಕ್ಕ ಅಲ್ಲಿ ಕೈಕೊಡಬಹುದು.

ಬರೆಯದೆ ಬಿಟ್ಟ ಹೆಸರು

ಇದು ಚಿಕ್ಕ ವಿಷಯ ಅನಿಸಬಹುದು, ಆದರೆ ತುಂಬ ಮನೆಗಳನ್ನು ನೋಯಿಸಿದೆ. ನೀವು ಮೊದಲ ಸಲ ಶಾಶ್ವತ ವಾಸಕ್ಕೆ ಅರ್ಜಿ ಹಾಕುವಾಗ, ಜೊತೆಗೆ ಬರದ ಸಂಗಾತಿ, ಮಕ್ಕಳ ಹೆಸರನ್ನೂ ಬರೆಯಬೇಕು. ಕೆನಡಾದ ನಿಯಮದಲ್ಲಿ, ಆಗ ಹೆಸರು ಹೇಳದೆ ಬಿಟ್ಟ ಮತ್ತು ತಪಾಸಣೆಗೆ ಒಳಪಡದ ಮಗುವನ್ನು ಮುಂದೆ ಕುಟುಂಬದ ವರ್ಗದಲ್ಲಿ ಕರೆಸಿಕೊಳ್ಳುವ ದಾರಿಯೇ ಮುಚ್ಚಿಹೋಗಬಹುದು. 2019ರಿಂದ ಕೆಲವರಿಗೆ ರಿಯಾಯಿತಿ ಕೊಟ್ಟಿದ್ದಾರೆ, ಎಲ್ಲರಿಗೂ ಅಲ್ಲ. ಮಗು ಅಜ್ಜಿಯ ಹತ್ತಿರ ಇದೆ, ಸದ್ಯ ಬರುವುದಿಲ್ಲ, ಯಾಕೆ ಬರೆಯಬೇಕು ಅಂತ ಏಜೆಂಟ್ ಒಬ್ಬರು ಹೇಳಿದ್ದಕ್ಕೆ ಹೆಸರು ಬಿಟ್ಟವರು ಇದ್ದಾರೆ. ಅರ್ಜಿ ಹಾಕಿದ ಮೇಲೆ ಮದುವೆಯಾದರೂ, ಮಗು ಹುಟ್ಟಿದರೂ ಅಲ್ಲಿಗೆ ಕಾಲಿಡುವ ಮೊದಲೇ ತಿಳಿಸಬೇಕು.

ಬಂದ ಮೇಲೆ

ಬಂದ ಸಂಗಾತಿ ಕೆಲಸ ಮಾಡಬಹುದಾ? ಇದು ದೇಶ ಮತ್ತು ವೀಸಾದ ಮೇಲೆ ನಿಂತಿದೆ. ವೀಸಾ ಜೊತೆ ಬರುವ ಪತ್ರದಲ್ಲಿ ಷರತ್ತುಗಳನ್ನು ಬರೆದಿರುತ್ತಾರೆ, ಅದನ್ನು ಓದದೆ ಕೆಲಸಕ್ಕೆ ಸೇರಬೇಡಿ. ಭಾಷೆಯ ಪರೀಕ್ಷೆ ಕೆಲವು ಕಡೆ ಬರುವ ಮೊದಲೇ ಇರುತ್ತದೆ. ಜರ್ಮನಿ, ಬ್ರಿಟನ್ ಎರಡೂ ಸಾಮಾನ್ಯವಾಗಿ ಸಂಗಾತಿಯಿಂದ ಎ1 ಅನ್ನುವ ಮೊದಲ ಹಂತದ ಭಾಷೆ ಕೇಳುತ್ತವೆ. ಹೆಸರು ಹೇಳುವುದು, ದಾರಿ ಕೇಳುವುದು, ಅಷ್ಟರ ಮಟ್ಟಿಗಿನ ಭಾಷೆ.

ಹೊಸದಾಗಿ ಮದುವೆಯಾದವರಿಗೆ ಒಂದು ಪರೀಕ್ಷಾ ಅವಧಿ ಇರುತ್ತದೆ. ಅಮೆರಿಕದಲ್ಲಿ ಶಾಶ್ವತ ವಾಸದ ಅನುಮತಿ ಸಿಗುವಾಗ ಮದುವೆಯಾಗಿ ಎರಡು ವರ್ಷ ಆಗಿರದಿದ್ದರೆ ಕೊಡುವುದು ಎರಡೇ ವರ್ಷದ ಕಾರ್ಡು. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿ ಇನ್ನೊಂದು ಅರ್ಜಿ ಹಾಕಬೇಕು. ಬ್ರಿಟನ್‌ನಲ್ಲಿ ಹೊರಗಿನಿಂದ ಅರ್ಜಿ ಹಾಕಿದ ಸಂಗಾತಿಗೆ ಮೊದಲು 33 ತಿಂಗಳು, ಆಮೇಲೆ 30 ತಿಂಗಳು. ಐದು ವರ್ಷ ಕಳೆದ ಮೇಲೆ ಶಾಶ್ವತ ವಾಸಕ್ಕೆ ಅರ್ಜಿ.

ಈ ಅವಧಿಯಲ್ಲಿ ಬಂದವರು ಪೂರ್ತಿ ಸ್ಪಾನ್ಸರ್ ಕೈಯಲ್ಲಿರುತ್ತಾರೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ವೀಸಾ ರದ್ದು ಮಾಡಿಸುತ್ತೇನೆ ಅಂತ ಹೆದರಿಸುವವರೂ ಇದ್ದಾರೆ. ಆ ಬೆದರಿಕೆ ಪೂರ್ತಿ ನಿಜವಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗಬೇಕು. ಮನೆಯಲ್ಲಿ ಹಿಂಸೆ ಇದ್ದರೆ ಸ್ಪಾನ್ಸರ್‌ನ ಸಹಿ ಇಲ್ಲದೆ ಒಬ್ಬರೇ ಅರ್ಜಿ ಹಾಕುವ ದಾರಿ ಅಮೆರಿಕದಲ್ಲೂ ಬ್ರಿಟನ್‌ನಲ್ಲೂ ಇದೆ. ಐರೋಪ್ಯ ಒಕ್ಕೂಟದ ಕಾನೂನು ಹೆಚ್ಚೆಂದರೆ ಐದು ವರ್ಷದೊಳಗೆ ಸಂಗಾತಿಗೆ ಸ್ವಂತದ ಪರ್ಮಿಟ್ ಪಡೆಯುವ ಹಕ್ಕು ಕೊಡುತ್ತದೆ. ಕರೆಸಿಕೊಳ್ಳುವವರು ಮಾತ್ರ ಓದಿದರೆ ಸಾಲದು. ಬರುವವರೂ ಈ ಭಾಗವನ್ನು ಸ್ವತಃ ಓದಿಕೊಳ್ಳಲಿ. ತಮ್ಮ ಕಾಗದಗಳ ಒಂದು ನಕಲನ್ನು ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ.

ಇಲ್ಲ ಅಂದರೆ?

ತಿರಸ್ಕಾರದ ಪತ್ರ ಬಂದಾಗ ಎದೆ ಧಸಕ್ಕೆನ್ನುತ್ತದೆ. ಆದರೂ ಅದರಲ್ಲಿ ಎರಡು ವಿಷಯ ಹುಡುಕಿ: ಯಾವ ಕಾರಣಕ್ಕೆ, ಮೇಲ್ಮನವಿಗೆ ಎಷ್ಟು ದಿನ. ಕಾಗದ ಸಾಲದು ಅಂದಿದ್ದರೆ ಅದನ್ನು ಸೇರಿಸಿ ಹೊಸ ಅರ್ಜಿ ಹಾಕುವುದೇ ಎಷ್ಟೋ ಸಲ ಬೇಗ ಆಗುತ್ತದೆ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ ಮೇಲ್ಮನವಿ. ಸುಳ್ಳು ಮಾಹಿತಿ ಅನ್ನುವ ಪದ ಪತ್ರದಲ್ಲಿದ್ದರೆ ವಲಸೆ ಕಾನೂನು ಬಲ್ಲ ವಕೀಲರನ್ನು ನೋಡದೆ ಮುಂದಕ್ಕೆ ಹೋಗಬೇಡಿ.

ನಿಯಮವೇ ಅನ್ಯಾಯ ಅಂತ ಕೋರ್ಟಿಗೆ ಹೋಗಿ ಗೆದ್ದವರೂ ಇದ್ದಾರೆ. ಕುಟುಂಬಕ್ಕೆ ಸಮಾಜ ಮತ್ತು ಸರ್ಕಾರದಿಂದ ರಕ್ಷಣೆ ಸಿಗಬೇಕು ಅಂತ 1948ರ ಮಾನವ ಹಕ್ಕುಗಳ ಘೋಷಣೆಯ 16ನೇ ವಿಧಿ ಹೇಳುತ್ತದೆ. ಯುರೋಪಿನಲ್ಲಿ ಕುಟುಂಬ ಜೀವನವನ್ನು ಗೌರವಿಸಬೇಕು ಅನ್ನುವುದು ಕೋರ್ಟಿನಲ್ಲಿ ಕೇಳಬಹುದಾದ ಹಕ್ಕು. ನೆದರ್ಲೆಂಡ್ಸ್ ಕನಿಷ್ಠ ವೇತನದ ಶೇ 120ರಷ್ಟು ಆದಾಯ ಕೇಳುತ್ತಿತ್ತು. 2010ರಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ ಅದು ತಪ್ಪು ಅಂದಿತು. ಆದಾಯ ಕೇಳಬಹುದು, ಆದರೆ ಒಂದು ಅಂಕಿ ಇಟ್ಟುಕೊಂಡು ಪ್ರತಿ ಮನೆಯ ಸ್ಥಿತಿ ನೋಡದೆ ಬಾಗಿಲು ಹಾಕುವಂತಿಲ್ಲ ಅನ್ನುವುದು ಅದರ ಸಾರ. ಬ್ರಿಟನ್‌ನ ಸುಪ್ರೀಂ ಕೋರ್ಟ್ 2017ರಲ್ಲಿ ಆದಾಯದ ಮಿತಿ ಇಡುವುದನ್ನು ಒಪ್ಪಿತು. ಆದರೆ ಮಕ್ಕಳ ಹಿತ ನೋಡುವುದರಲ್ಲಿ ಆ ನಿಯಮಗಳು ಸೋತಿವೆ ಎಂದಿತು.

ನನ್ನ ಸ್ನೇಹಿತರ ಹೆಂಡತಿ, ಮಗಳು ಅವರನ್ನು ಸೇರಿಕೊಂಡರು. ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದು ಹೋಗುತ್ತಾರೆ. ಅಕ್ಕನ ಮಗನಿಗೆ ಕುಟುಂಬದ ದಾರಿ ಇರಲಿಲ್ಲ, ಆದರೆ ಅವನು ಚೆನ್ನಾಗಿ ಓದಿದ. ಈ ವರ್ಷ ವಿದ್ಯಾರ್ಥಿ ವೀಸಾಕ್ಕೆ ತಾನೇ ಅರ್ಜಿ ತುಂಬಿದ. ಆ ಫಾರ್ಮ್‌ನಲ್ಲಿ ಓದಿನ ಖರ್ಚು ಕೊಡುವವರು ಯಾರು, ಅವರು ನಿಮಗೆ ಏನಾಗಬೇಕು ಅನ್ನುವ ಪ್ರಶ್ನೆ ಇತ್ತು. ಅವನು ಬರೆದ: ಸೋದರಮಾವ.